ಗಡ್ಡ ಸೋಮಾರಿಯ ಗುರುತಲ್ಲ, ಮೇಷ್ಟ್ರೇ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರದ ನಿಮ್ಮ ಪತ್ರಿಕೆಯ ವಾಚಕರ ಪುಟದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕಾಲೇಜು ಹುಡುಗರ ಗಡ್ಡದ ಬಗ್ಗೆ ಬರೆದಿದ್ದರು. ಗಡ್ಡ ಬಿಡುವುದಕ್ಕೆ ಸೋಮಾರಿತನವೊಂದಿದ್ದರೆ ಸಾಕು, ಗಡ್ಡ ಬಿಟ್ಟವರನ್ನು ತರಗತಿಗೆ ಸೇರಿಸಬಾರದು, ಕೆಲಸಕ್ಕೂ ತೆಗೆದುಕೊಳ್ಳಬಾರದು ಎನ್ನುವುದು ಅವರ ಪತ್ರದ ಸಾರ. ನಮ್ಮ ಅಂಗಡಿಗೆ ನಿಮ್ಮ ಪತ್ರಿಕೆ ಹದಿನೆಂಟು ವರ್ಷದಿಂದ ಬರುತ್ತಿದೆ. ಅವತ್ತು ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಒಬ್ಬರು ಆ ಪತ್ರವನ್ನು ಗಟ್ಟಿಯಾಗಿ ಓದಿದರು. ಆಗ ನನ್ನ ಕೈಯಲ್ಲಿ ಒಬ್ಬ ಡಿಗ್ರಿ ಹುಡುಗನ ಗಡ್ಡವೇ ಇತ್ತು. ಬಲಗೆನ್ನೆ ಮುಗಿದು ಎಡಗೆನ್ನೆ ಅರ್ಧ ಆಗಿತ್ತು. ಓದು ಮುಗಿದಾಗ ಹುಡುಗ ಕನ್ನಡಿಯೊಳಗಿಂದ ನನ್ನ ಮುಖ ನೋಡಿದ. ನಾನು ಕತ್ತರಿ ಆಡಿಸುತ್ತಲೇ ಇದ್ದೆ, ಏನೂ ಹೇಳಲಿಲ್ಲ. ಭಾನುವಾರ, ಹೊರಗೆ ಇನ್ನೂ ಆರು ಜನ ನಿಂತಿದ್ದರು. ಮಂಗಳವಾರ ನಮಗೆ ರಜೆ. ಇವತ್ತು ಕೂತು ಬರೆಯುತ್ತಿದ್ದೇನೆ.

ನಾನು ತಿಪಟೂರಿನಲ್ಲಿ ಕ್ಷೌರದ ಅಂಗಡಿ ಇಟ್ಟಿರುವವನು. 1992ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಅಪ್ಪನ ಪಕ್ಕ ನಿಂತೆ, ಇವತ್ತಿಗೂ ಅದೇ ಕೆಲಸ. ಅಪ್ಪನಿಗೆ ಅಂಗಡಿ ಇದ್ದದ್ದು ಕೊನೆಗಾಲದಲ್ಲಿ ಮಾತ್ರ. ಅದಕ್ಕೂ ಮುಂಚೆ ನೊಣವಿನಕೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಹಡಪ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗುತ್ತಿದ್ದರು. ಹಡಪದೊಳಗೆ ಎರಡು ಕತ್ತಿ, ಒಂದು ಸಾಣೆಕಲ್ಲು, ಕತ್ತಿ ಮಸೆಯುವ ತೊಗಲಿನ ಪಟ್ಟಿ, ಪಟಿಕದ ತುಂಡು, ಉಗುರು ತೆಗೆಯುವ ಉಳಿ, ಮೂಲೆ ಒಡೆದ ಒಂದು ಕನ್ನಡಿ. ದುಡ್ಡು ಯಾರೂ ಕೊಡುತ್ತಿರಲಿಲ್ಲ. ಸುಗ್ಗಿ ಕಾಲಕ್ಕೆ ಕಣದ ಹತ್ತಿರ ಹೋದರೆ ಆಯದ ರಾಗಿ ಅಳೆದು ಹಾಕುತ್ತಿದ್ದರು. ಮದುವೆಯಲ್ಲಿ ಗಂಡಿಗೆ ಕ್ಷೌರ ಮಾಡಿ ಉಗುರಿನ ಶಾಸ್ತ್ರ ಮುಗಿಸುವವರೂ ನಾವೇ, ವಾಲಗ ಊದುವವರೂ ನಾವೇ. ಆದರೂ ಬೆಳಗ್ಗೆ ಎದ್ದವರಿಗೆ ನಮ್ಮ ಮುಖ ಎದುರಾದರೆ ಅಪಶಕುನ. ಊರಿನ ದೊಡ್ಡವರ ಕೆನ್ನೆ, ಗಂಟಲು, ತುಟಿ ಎಲ್ಲವನ್ನೂ ಅಪ್ಪ ಮುಟ್ಟಬಹುದಿತ್ತು. ಅವರ ಜಗಲಿ ಹತ್ತುವಂತಿರಲಿಲ್ಲ. ಹೊಂಗೆ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡಿ ಎದ್ದು ಬರಬೇಕಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಮುಖದ ಮೇಲಿನ ಕೂದಲನ್ನು ಇಟ್ಟುಕೊಳ್ಳುವುದು, ತೆಗೆಯುವುದು ನಮ್ಮ ಮನೆಯಲ್ಲಿ ಯಾವತ್ತೂ ಬರೀ ಶೋಕಿಯ ವಿಷಯ ಆಗಿರಲಿಲ್ಲ.

ಮೊದಲು ಮೇಷ್ಟ್ರ ಸೋಮಾರಿತನದ ಮಾತಿಗೆ ಬರುತ್ತೇನೆ. ನಾನು ಕೆಲಸ ಕಲಿತಾಗ ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಎರಡೇ, ಕಟಿಂಗು ಮತ್ತು ಶೇವಿಂಗು. ಹೋದ ಭಾನುವಾರ ರಾತ್ರಿ ಮೇಷ್ಟ್ರ ಪತ್ರ ತಲೆಯಲ್ಲಿದ್ದ ಕಾರಣಕ್ಕೆ ಲೆಕ್ಕ ಹಾಕಿದೆ. ನಾನು, ನನ್ನ ತಮ್ಮ ಇಬ್ಬರೂ ಸೇರಿ 38 ಜನಕ್ಕೆ ಕೆಲಸ ಮಾಡಿದ್ದೆವು. ಪೂರ್ತಿ ಶೇವಿಂಗ್ ಮಾಡಿಸಿಕೊಂಡವರು 9 ಜನ, ಗಡ್ಡ ಸರಿಮಾಡಿಸಿಕೊಂಡವರು 21. ಶೇವಿಂಗ್‌ಗೆ ಹತ್ತು ನಿಮಿಷ ಸಾಕು, ಕೂದಲಿನ ಎದುರು ದಿಕ್ಕಿಗೆ ಉಲ್ಟಾ ಹೊಡೆದರೆ ಹನ್ನೆರಡು. ಗಡ್ಡಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಕಡಿಮೆ ಆಗುವುದೇ ಇಲ್ಲ. ಸೋಮಾರಿಗಳಾಗಿದ್ದರೆ ಆ ಹುಡುಗರು ಭಾನುವಾರ ಬೆಳಗ್ಗೆ ಒಂದೂವರೆ ಗಂಟೆ ನನ್ನ ಬೆಂಚಿನ ಮೇಲೆ ಕಾಯುತ್ತಿರಲಿಲ್ಲ, ಹದಿನೈದು ದಿನಕ್ಕೊಮ್ಮೆ ನೂರು ರೂಪಾಯಿ ತೆತ್ತು ಹೋಗುತ್ತಿರಲಿಲ್ಲ.

ಗಡ್ಡದ ಕೂದಲು ದಿನಕ್ಕೆ ಮಿಲಿಮೀಟರಿನ ಮೂರನೇ ಒಂದು ಪಾಲಿನಷ್ಟು ಬೆಳೆಯುತ್ತದೆ, ತಿಂಗಳಿಗೆ ಒಂದು ಸೆಂಟಿಮೀಟರ್ ಅಂದುಕೊಳ್ಳಿ. ಆದರೆ ಎಲ್ಲ ಕಡೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಕೆನ್ನೆಯದು ಕೆಳಮುಖ, ಕತ್ತಿನದು ಹಲವರಿಗೆ ಮೇಲ್ಮುಖ, ಕೆಲವರಿಗೆ ಅಡ್ಡಡ್ಡ. ದವಡೆಯ ಕೆಳಗೆ ತಲೆಯಲ್ಲಿರುವಂಥದ್ದೇ ಸುಳಿ. ಒಂದು ಮುಖದ ಸುಳಿ ಇನ್ನೊಂದು ಮುಖಕ್ಕಿಲ್ಲ. ಹಾಗಾಗಿ ಹೊಸಬ ಬಂದರೆ ನಾನು ಟ್ರಿಮ್ಮರ್ ಮಿಷನ್ ಮುಟ್ಟುವುದಿಲ್ಲ. ಮೊದಲು ಬಾಚಣಿಗೆ ಹಿಡಿದು ಮೇಲಕ್ಕೊಮ್ಮೆ, ಕೆಳಕ್ಕೊಮ್ಮೆ ಬಾಚುತ್ತೇನೆ. ಕೂದಲು ಎಲ್ಲಿ ಎದ್ದು ನಿಲ್ಲುತ್ತದೆ, ಎಲ್ಲಿ ತೆಳುವಾಗಿದೆ ಎಂದು ಬಾಚಣಿಗೆಯೇ ಹೇಳುತ್ತದೆ. ತೆಳುವಾಗಿರುವ ಕಡೆ ಉದ್ದ ಬಿಡಬೇಕು, ದಟ್ಟವಾಗಿರುವ ಕಡೆ ಇಳಿಸಬೇಕು. ಕೂದಲು ಎಷ್ಟು ಉದ್ದ ಉಳಿಯಬೇಕು ಎನ್ನುವುದಕ್ಕೆ ಮಿಷನ್‌ನಲ್ಲಿ ನಂಬರ್ ಇರುತ್ತದೆ, ಕೆನ್ನೆಗೆ ಒಂದು ನಂಬರ್ ಹಾಕಿದರೆ ಗಲ್ಲಕ್ಕೆ ಇನ್ನೊಂದು. ಗಲ್ಲದ ತುದಿಯನ್ನು ಮಿಷನ್‌ಗೆ ಕೊಡಬಾರದು, ಬಾಚಣಿಗೆ ಮೇಲೆ ಕತ್ತರಿ ಆಡಿಸಿಯೇ ಮುಗಿಸಬೇಕು.

ಕತ್ತಿನ ಗೆರೆಯೇ ಬಹಳ ಜನ ಕೆಡಿಸಿಕೊಳ್ಳುವ ಜಾಗ. ಮನೆಯಲ್ಲಿ ಟ್ರಿಮ್ಮರ್ ಹಿಡಿದ ಹುಡುಗರು ದವಡೆಯ ಮೂಳೆಯ ಮೇಲೇ ಗೆರೆ ಹೊಡೆದುಬಿಡುತ್ತಾರೆ. ಕನ್ನಡಿಯಲ್ಲಿ ಆಗ ಚೆನ್ನಾಗಿಯೇ ಕಾಣುತ್ತದೆ, ತಲೆ ತಗ್ಗಿಸಿದ ತಕ್ಷಣ ಗಲ್ಲದ ಕೆಳಗೆ ಬೋಳು ಮಾಂಸ ಹೊರಗೆ ಬರುತ್ತದೆ. ಗಂಟಲ ಉಬ್ಬಿನ ಮೇಲೆ ಎರಡು ಬೆರಳು ಇಟ್ಟು, ಅಲ್ಲಿಂದ ಕಿವಿಯ ಹಿಂದಕ್ಕೆ ಬಾಗಿಸಿ ಎಳೆದ ಗೆರೆ ಹತ್ತರಲ್ಲಿ ಒಂಬತ್ತು ಮುಖಕ್ಕೆ ಹೊಂದುತ್ತದೆ. ಕೆನ್ನೆಯ ಮೇಲಿನ ಗೆರೆಯನ್ನು ಆದಷ್ಟು ಹುಟ್ಟಿದ ಹಾಗೇ ಬಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ಸ್ಕೇಲು ಇಟ್ಟು ಗೀಚಿದಂಥ ಗೆರೆ ಬೇಕೆಂದು ಹುಡುಗರು ಹಠ ಮಾಡುತ್ತಾರೆ. ಕೇಳಿದವರಿಗೆ ಹೊಡೆದುಕೊಡುತ್ತೇನೆ, ಆದರೆ ಮೂರನೇ ದಿನಕ್ಕೆ ಅದರ ಮೇಲೆ ಮುಳ್ಳು ಎದ್ದು ಅಂದ ಹೋಗುತ್ತದೆ ಎಂದು ಮೊದಲೇ ಹೇಳಿರುತ್ತೇನೆ.

ಅಂಗಡಿಯಿಂದ ಹೋದ ಮೇಲೂ ಕೆಲಸ ಇದೆ. ಮೊದಲ ಮೂರು ವಾರ ಕತ್ತರಿಸಿದ ಕೂದಲಿನ ಚೂಪು ತುದಿ ಚರ್ಮಕ್ಕೆ ಚುಚ್ಚಿ ವಿಪರೀತ ತುರಿಕೆ. ಅದನ್ನು ತಡೆದುಕೊಂಡವನಿಗೆ ಮಾತ್ರ ಗಡ್ಡ. ಊಟ ಮಾಡಿದ ಮೇಲೆ ತೊಳೆಯಬೇಕು, ದಿನಾ ಬಾಚಬೇಕು, ಇಲ್ಲದಿದ್ದರೆ ತಲೆಯ ಹಾಗೆ ಗಡ್ಡದಲ್ಲೂ ಹೊಟ್ಟು ಉದುರುತ್ತದೆ. ಹುಡುಗರು ಹೆಬ್ಬೆಟ್ಟಿನ ಗಾತ್ರದ ಎಣ್ಣೆ ಬಾಟಲಿಗೆ ನಾನೂರು ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಉಂಡೆ ಕೊಬ್ಬರಿಗೆ ಹೆಸರಾದ ಊರು ನಮ್ಮದು, ಲಾರಿಗಟ್ಟಲೆ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತದೆ. ಗಾಣದಿಂದ ತಂದ ಕೊಬ್ಬರಿ ಎಣ್ಣೆ ಮೂರು ಹನಿ, ಸ್ನಾನ ಮಾಡಿ ಒರೆಸಿಕೊಂಡ ಮೇಲೆ ಇನ್ನೂ ಪಸೆ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಬುಡಕ್ಕೆ ಹಚ್ಚಿದರೆ ಸಾಕು. ಮೊಡವೆ ಇರುವ ಹುಡುಗರಿಗೆ ಮಾತ್ರ ಬೇಡ ಎನ್ನುತ್ತೇನೆ, ಅವರಿಗೆ ಎಣ್ಣೆ ರಂಧ್ರ ಮುಚ್ಚಿ ಮೊಡವೆ ಹೆಚ್ಚಿಸುತ್ತದೆ.

ಪತ್ರಿಕೆಯವರ ಹತ್ತಿರ ಒಂದು ಬೇಡಿಕೆ ಇದೆ, ಇಲ್ಲೇ ಹೇಳಿಬಿಡುತ್ತೇನೆ. ಹದಿನೇಳು ಹದಿನೆಂಟರ ಮಕ್ಕಳು ಗಡ್ಡ ಬರಲಿಲ್ಲ ಎಂದು ಮಿನಾಕ್ಸಿಡಿಲ್ ತಂದು ಕೆನ್ನೆಗೆ ಬಳಿದುಕೊಳ್ಳುತ್ತಿದ್ದಾರೆ. ಅದು ಶುರುವಿನಲ್ಲಿ ರಕ್ತದೊತ್ತಡಕ್ಕೆ ಎಂದು ಬಂದ ಔಷಧಿ. ಕೂದಲು ಬೆಳೆಸುತ್ತದೆ ಎಂದು ಗೊತ್ತಾದ ಮೇಲೆ ತಲೆಗೆ ಹಚ್ಚುವ ದ್ರವವಾಯಿತು. ಅದಕ್ಕೆ ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿದ್ದು ತಲೆಗೆ, ಗಡ್ಡಕ್ಕಲ್ಲ. ಎದೆ ಡವಡವ ಎನ್ನುತ್ತದೆ, ತಲೆ ಸುತ್ತುತ್ತದೆ ಅಣ್ಣ ಎಂದು ಹೇಳಿಕೊಂಡ ಇಬ್ಬರನ್ನು ನಾನೇ ಆಸ್ಪತ್ರೆಗೆ ಕಳಿಸಿದ್ದೇನೆ. ಮನೆಯಲ್ಲಿ ಬೆಕ್ಕು ಸಾಕಿದವರಂತೂ ಅದನ್ನು ತರಲೇಬಾರದು, ಬೆಕ್ಕಿನ ಹೊಟ್ಟೆಗೆ ಸೇರಿದರೆ ಜೀವಕ್ಕೇ ಕುತ್ತು. ಗಡ್ಡ ಬರುವುದು ಅಪ್ಪ, ಅಜ್ಜಂದಿರಿಂದ, ದೇಹದೊಳಗಿನ ಹಾರ್ಮೋನಿನಿಂದ. ಕೆಲವರಿಗೆ ಹದಿನೆಂಟಕ್ಕೆ ತುಂಬುತ್ತದೆ, ಕೆಲವರಿಗೆ ಇಪ್ಪತ್ತೈದು ದಾಟಬೇಕು. ದಿನಾ ಬೋಳಿಸಿದರೆ ದಟ್ಟ ಬರುತ್ತದೆ ಎನ್ನುವುದೂ ಸುಳ್ಳು. ಕತ್ತರಿಸಿದ ತುದಿ ಹುಟ್ಟು ಕೂದಲಿನ ಹಾಗೆ ಸಣ್ಣಗಾಗಿರದೆ ಅಗಲವಾಗಿರುವುದಕ್ಕೆ ಒರಟಾಗಿ, ದಪ್ಪವಾಗಿ ಕಾಣುತ್ತದೆ ಅಷ್ಟೇ. ಒಂದೊಂದು ಕಡೆ ದುಂಡಗೆ ಕೂದಲು ಉದುರಿದರೆ ಹುಳ ತಿಂದಿದೆ ಎಂದು ಬೆಳ್ಳುಳ್ಳಿ ಅರೆದು ತಿಕ್ಕಿ ಚರ್ಮ ಸುಟ್ಟುಕೊಂಡು ಬರುತ್ತಾರೆ. ಅಲ್ಲಿ ಹುಳ ಗಿಳ ಏನೂ ಇರುವುದಿಲ್ಲ. ದೇಹದ ರಕ್ಷಣೆಗೆ ಇರುವ ಶಕ್ತಿಯೇ ದಾರಿ ತಪ್ಪಿ ಕೂದಲಿನ ಬೇರಿನ ಮೇಲೆ ಬೀಳುವ ಕಾಯಿಲೆ ಅದು, ಎಷ್ಟೋ ಜನಕ್ಕೆ ತಾನಾಗಿಯೇ ಮತ್ತೆ ಹುಟ್ಟುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಕಳಿಸುತ್ತೇನೆ. ಕಪ್ಪು ಡೈ ಹಚ್ಚಿಸಿಕೊಳ್ಳುವವರಿಗೆ ಎರಡು ದಿನ ಮುಂಚೆ ಕಿವಿಯ ಹಿಂದೆ ಒಂದು ಚುಕ್ಕಿ ಹಚ್ಚಿ ನೋಡುತ್ತೇನೆ. ಮುಖ ಊದಿ ಕಣ್ಣು ಮುಚ್ಚಿಹೋದವರನ್ನು ಕಂಡಿದ್ದೇನೆ. ಇಂಥದ್ದನ್ನೆಲ್ಲ ಡಾಕ್ಟರಿಂದ ಬರೆಸಿ ನಿಮ್ಮ ಪತ್ರಿಕೆಯ ಆರೋಗ್ಯದ ಪುಟದಲ್ಲಿ ಹಾಕಬೇಕು. ಹುಡುಗರು ಫೋನಿನಲ್ಲಿ ನೋಡಿದ್ದನ್ನು ನಂಬುತ್ತಾರೆ, ನನ್ನ ಮಾತು ಅವರಿಗೆ ಸಾಲುವುದಿಲ್ಲ.

ಇನ್ನು ಗಡ್ಡ ಬಿಟ್ಟವರೆಲ್ಲ ಪುಂಡರಂತೆ ಕಾಣುತ್ತಾರೆ ಎಂದು ಮೇಷ್ಟ್ರು ಬರೆದಿದ್ದಾರೆ. ಪುಸ್ತಕ ಓದುವ ಮೇಷ್ಟ್ರಿಗೆ ಅನಂತಮೂರ್ತಿಯವರ ಬಿಳಿ ಗಡ್ಡ, ಪೂರ್ಣಚಂದ್ರ ತೇಜಸ್ವಿಯವರ ಗಡ್ಡ, ನಾಟಕದ ಬಿ.ವಿ. ಕಾರಂತರ ಗಡ್ಡ ನಾನು ನೆನಪಿಸಬೇಕಿಲ್ಲ. ಶಿಶುನಾಳ ಷರೀಫರ ಪಟ ನೋಡಿದರೂ ಗಡ್ಡ. ಆದರೆ ಹೆಸರುವಾಸಿಗಳ ಗಡ್ಡಕ್ಕೆ ಸಲಾಂ ಹೊಡೆದು ಹೆಸರಿಲ್ಲದವನ ಗಡ್ಡಕ್ಕೆ ಮುಖ ಸಿಂಡರಿಸುವುದು ಸರಿಯಲ್ಲ, ನಾನು ಹೇಳಬೇಕಾದದ್ದು ಈ ಹೆಸರಿಲ್ಲದವರ ಬಗ್ಗೆ.

ನವೆಂಬರ್ ಬಂತೆಂದರೆ ಮಾಲೆ ಹಾಕಿದ ಅಯ್ಯಪ್ಪ ಸ್ವಾಮಿಗಳು ನಲವತ್ತೊಂದು ದಿನ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಶ್ರಾವಣದಲ್ಲಿ ಕತ್ತಿ ಮುಟ್ಟಿಸಿಕೊಳ್ಳದವರು ಎಷ್ಟೋ ಜನ. ಹೆಂಡತಿ ಬಸುರಿಯಾದ ಮೇಲೆ ಹೆರಿಗೆಯವರೆಗೂ ಗಡ್ಡ ತೆಗೆಸದ ಗಂಡಂದಿರು ಈಗಲೂ ಇದ್ದಾರೆ. ಒಬ್ಬ ಆಟೋ ಡ್ರೈವರ್, ಮೊದಲೆರಡು ಬಸಿರು ನಿಲ್ಲದೆ ಮೂರನೆಯದಕ್ಕೆ ಮಾದಪ್ಪನಿಗೆ ಹರಕೆ ಕಟ್ಟಿಕೊಂಡು ಒಂಬತ್ತು ತಿಂಗಳು ಗಡ್ಡ ಬಿಟ್ಟಿದ್ದ. ಮಗು ಹುಟ್ಟಿ ಮೂರು ತಿಂಗಳಿಗೆ ಮಹದೇಶ್ವರ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬಂದ. ನುಣ್ಣನೆ ಮುಖ, ನುಣ್ಣನೆ ತಲೆ, ಕೈಯಲ್ಲಿ ಕೂಸು, ಒಂದು ಡಬ್ಬಿ ಪ್ರಸಾದ. ಅಂಗಡಿಗೆ ಬಂದು ಕೂಸನ್ನು ನನ್ನ ಕೈಗೆ ಕೊಟ್ಟ. ಆ ಒಂಬತ್ತು ತಿಂಗಳು ಅವನ ಆಟೋ ಹತ್ತಿದವರಲ್ಲಿ ಎಷ್ಟು ಜನ ಅವನನ್ನು ರೌಡಿ ಎಂದುಕೊಂಡರೋ. ನಮ್ಮ ಮುಸ್ಲಿಂ ಗಿರಾಕಿಗಳು ಒಂದು ಮುಷ್ಟಿ ಉದ್ದ ಬಿಟ್ಟು ಅದರ ಕೆಳಗಿನದನ್ನು ಮಾತ್ರ ಸಮಮಾಡಿಸಿಕೊಳ್ಳುತ್ತಾರೆ. ಅದರಲ್ಲಿ ಒಬ್ಬರು ಗಡ್ಡದ ಕೂದಲು ನೆಲಕ್ಕೆ ಬೀಳದಂತೆ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಹೋಗುತ್ತಾರೆ. ಅತ್ತ ಶ್ರವಣಬೆಳಗೊಳದ ಕಡೆ ದಿಗಂಬರ ಮುನಿಗಳು ಕತ್ತಿ ಕತ್ತರಿ ಯಾವುದನ್ನೂ ಮುಟ್ಟದೆ ತಲೆ, ಗಡ್ಡವನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಕೇಶಲೋಚ ನಡೆಯುವುದನ್ನು ಒಮ್ಮೆ ದೂರದಿಂದ ನಿಂತು ನೋಡಿದ್ದೇನೆ. ಇಷ್ಟು ವರ್ಷ ಕೂದಲಿನ ಕೆಲಸ ಮಾಡಿದ ನನ್ನ ಕೈ ಅವತ್ತು ತಾನಾಗಿ ಜೋಡಿಸಿಕೊಂಡಿತು.

ಗಡ್ಡ ಒಂದು ಊರಿನ ಸಂಭ್ರಮ ಆಗಿದ್ದನ್ನೂ ಕಂಡಿದ್ದೇನೆ. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಈಗಲೂ ರಾತ್ರಿಯೆಲ್ಲ ನಡೆಯುತ್ತದೆ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ಮೂರು ತಿಂಗಳು ತಾಲೀಮು ಮಾಡುತ್ತಾರೆ. ಬಿಳಿಗೆರೆ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು, ಅರವತ್ತು ದಾಟಿದವರು, ಪ್ರತಿ ಸಲ ಭೀಷ್ಮನ ಪಾತ್ರ ಕಟ್ಟುತ್ತಿದ್ದರು. ಒಂದು ವರ್ಷ ಬಾಡಿಗೆಗೆ ತಂದ ಗಡ್ಡ ಬೆವರಿಗೆ ಅಂಟು ಬಿಟ್ಟು, ಕಂದ ಪದ್ಯ ಹಾಡುತ್ತಿರುವಾಗಲೇ ಒಂದು ಕಡೆಯಿಂದ ಜೋತುಬಿತ್ತು. ಜನ ನಕ್ಕರು. ಅವರಿಗೆ ಅದು ಬಹಳ ನೋವಾಯಿತು. ಮಾರನೆಯ ವರ್ಷ ಗೌರಿ ಹಬ್ಬ ಮುಗಿದ ವಾರ ಅಂಗಡಿಗೆ ಬಂದು, "ಶಿವರಾತ್ರಿಗೆ ನಾಟ್ಕ ಇಟ್ಕಂಡಿದೀವಿ ಕಣಪ್ಪ, ನನ್ ಮುಖದ್ದೇ ಗಡ್ಡ ಬೇಕು, ಅಷ್ಟರೊಳಗೆ ಆಯ್ತದಾ?" ಎಂದರು. ಐದು ತಿಂಗಳು ದಾಟಿದ ಗಡ್ಡ ಗಲ್ಲದಿಂದ ನಾಲ್ಕು ಬೆರಳು ಇಳಿಯುತ್ತದೆ ಎಂದೆ. ಹದಿನೈದು ದಿನಕ್ಕೊಮ್ಮೆ ತಪ್ಪದೆ ಬಂದರು. ಪಕ್ಕ ಇಳಿಸುತ್ತಾ, ಗಲ್ಲದ್ದು ಮುಟ್ಟದೆ ಬಿಡುತ್ತಾ ಬೆಳೆಸಿದೆವು. ಬೆಳೆಸಿದೆವು ಎಂದೇ ಹೇಳುತ್ತೇನೆ, ಅದರಲ್ಲಿ ನನ್ನದೂ ಪಾಲಿದೆ. ನಾಟಕದ ರಾತ್ರಿ ನಾನೇ ಹೋಗಿ ಬಣ್ಣ ಹಚ್ಚುವ ಜಾಗದಲ್ಲಿ ಎಣ್ಣೆ ಹಚ್ಚಿ ಬಾಚಿ ಕಳಿಸಿದೆ. ಬೆಳಗಿನ ಜಾವ ಶರಶಯ್ಯೆಯ ದೃಶ್ಯ. ಮಲಗಿದವರ ಎದೆಯ ಮೇಲೆ ಬೆಳ್ಳಗೆ ಗಡ್ಡ ಹರಡಿತ್ತು, ಮಾತಾಡಿದಾಗಲೆಲ್ಲ ಉಸಿರಿಗೆ ಅಲುಗುತ್ತಿತ್ತು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಾಡಿಗೆ ಗಡ್ಡ ಉಸಿರಾಡುವುದಿಲ್ಲ. ಮಾರನೆಯ ವಾರ ತೆಗೆಸಲು ಬರುತ್ತಾರೆ ಎಂದುಕೊಂಡೆ, ಬರಲಿಲ್ಲ. ಮೊಮ್ಮಗಳು ಬಿಡುತ್ತಿಲ್ಲವಂತೆ.

ಈಗ ಮೇಷ್ಟ್ರ ಪತ್ರ ನನಗೆ ಇಷ್ಟು ನಾಟಲು ಕಾರಣವಾದ ಸಂಗತಿ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, ಇನ್ನೂ ಅಂಗಡಿ ಗುಡಿಸುತ್ತಿದ್ದೆ, ಬ್ಯಾಗ್ ಹಾಕಿಕೊಂಡ ಹುಡುಗನೊಬ್ಬ ಬಂದ. ಕ್ಲಾಸಿನಿಂದ ಎಬ್ಬಿಸಿ, ಬೋಳಿಸಿಕೊಂಡು ಬಂದರೆ ಮಾತ್ರ ಒಳಗೆ ಎಂದು ಎಲ್ಲರ ಮುಂದೆ ಹೇಳಿ ಕಳಿಸಿದ್ದರು. ಯಾವ ಕಾಲೇಜು ಎಂದು ಬರೆಯುವುದಿಲ್ಲ. "ತೆಗೀರಿ ಅಣ್ಣ" ಎಂದು ಕೂತ. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದೆ. ಬಲಗಿವಿಯಿಂದ ದವಡೆಯ ಅರ್ಧದವರೆಗೆ ಸುಟ್ಟ ಗಾಯದ ಕಲೆ. ಆ ಚರ್ಮದಲ್ಲಿ ಕೂದಲು ಹುಟ್ಟುವುದಿಲ್ಲ. ಮೇಲಿನ ಕೆನ್ನೆಯ ಕೂದಲನ್ನು ಉದ್ದ ಬಿಟ್ಟು, ಕೆಳಕ್ಕೆ ಬಾಚಿ ಬಾಚಿ, ಆ ಬೋಳು ಜಾಗದ ಮೇಲೆ ಹಾಸಿದ್ದ. ಮೂರು ವರ್ಷದ ಮಗುವಾಗಿದ್ದಾಗ ಬಚ್ಚಲ ಹಂಡೆಯ ನೀರು ಬಿದ್ದದ್ದಂತೆ. ಅವನ ಎರಡೂ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದವು. ಹಲ್ಲು ಕೀಳಿಸಿಕೊಳ್ಳಲು ಕೂತವರು ಹಾಗೆ ಹಿಡಿಯುತ್ತಾರೆ.

ನಾನು ಕತ್ತಿ ತೆಗೆಯಲಿಲ್ಲ. ಕತ್ತಿನ ಗೆರೆ ಸರಿಮಾಡಿ, ಎಡಗಡೆಯನ್ನು ಬಲಗಡೆಗೆ ಹೊಂದುವಂತೆ ಇಳಿಸಿ, ಮೀಸೆ ತುಟಿಯ ಮೇಲೆ ಬೀಳದಂತೆ ಕತ್ತರಿಸಿ ಮುಕ್ಕಾಲು ಗಂಟೆ ಕೆಲಸ ಮಾಡಿದೆ. ಆಮೇಲೆ ತಮ್ಮನಿಗೆ ಅಂಗಡಿ ನೋಡಿಕೊ ಎಂದು ಹೇಳಿ ಅವನ ಜೊತೆ ಕಾಲೇಜಿಗೆ ಹೋದೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವನನ್ನು ಹೊರಗೆ ಕಳಿಸಿದ್ದವರಿಗೆ, "ಸಾರ್, ಇದು ನಾನು ಸರಿಮಾಡಿರುವ ಗಡ್ಡ. ಇದರಲ್ಲಿ ಕೊಳಕು ಇದ್ದರೆ ನನ್ನನ್ನು ಕೇಳಿ" ಎಂದೆ. ಕಲೆಯ ವಿಷಯ ಹೇಳಲಿಲ್ಲ. ಹುಡುಗ ದಾರಿಯಲ್ಲೇ ಅದನ್ನು ಹೇಳಬೇಡಿ ಎಂದಿದ್ದ. ಅವರು ಅವನನ್ನು ಒಂದು ಗಳಿಗೆ ನೋಡಿ, ಹೋಗು ಎಂದರು. ಅವತ್ತು ಒಳ್ಳೆಯ ಮನಸ್ಸಿನಲ್ಲಿದ್ದರೋ ಏನೋ. ಹುಡುಗನ ಜೊತೆ ಹೋಗಲು ಯಾರೂ ಇಲ್ಲದ ಊರುಗಳಲ್ಲಿ ಏನಾಗುತ್ತದೆ ಎಂದು ಯೋಚಿಸಿದ್ದೇನೆ.

ಗುಂಗುರು ಕೂದಲಿನ ಹುಡುಗರದು ಇನ್ನೊಂದು ಕಷ್ಟ. ಅವರ ಗಡ್ಡ ಬುಡಕ್ಕೆ ಬೋಳಿಸಿದರೆ ಚೂಪಾದ ತುದಿ ಬಾಗಿ ಮತ್ತೆ ಚರ್ಮದೊಳಕ್ಕೇ ಹೊಕ್ಕು ಕತ್ತಿನ ತುಂಬ ಕೀವುಗುಳ್ಳೆ ಏಳುತ್ತವೆ. ಅಂಥವರು ದಿನಾ ಶೇವ್ ಮಾಡಲೇಬಾರದು, ಎರಡು ಮೂರು ಮಿಲಿಮೀಟರ್ ಬಿಡಬೇಕು. ಡಾಕ್ಟರೂ ಅದನ್ನೇ ಹೇಳುತ್ತಾರೆ. ದಿನಾ ನುಣ್ಣಗೆ ಬರಬೇಕೆಂದು ಕಡ್ಡಾಯ ಮಾಡುವವರು ಆ ಕತ್ತುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಬೋಳಿಸಲೇಬೇಕಾದ ಕೆಲಸಗಳಿವೆ, ಇಲ್ಲ ಎನ್ನುವುದಿಲ್ಲ. ಬೆಂಕಿ ಆರಿಸುವವರು ಉಸಿರಾಟದ ಮಾಸ್ಕ್ ಹಾಕಿಕೊಂಡಾಗ ಗಡ್ಡವಿದ್ದರೆ ಅಂಚಿನಲ್ಲಿ ಸಂದು ಉಳಿದು ಹೊಗೆ ಒಳಗೆ ಬರುತ್ತದೆ. ಮೊದಲ ಮಹಾಯುದ್ಧದಲ್ಲಿ ವಿಷಗಾಳಿಯ ಮಾಸ್ಕ್ ಕೂರಲಿ ಎಂದೇ ಸಿಪಾಯಿಗಳು ಬೋಳಿಸಬೇಕಾಯಿತು. ಅಡುಗೆ ಮಾಡುವವರು ಗಡ್ಡಕ್ಕೂ ಬಲೆ ಹಾಕಿಕೊಳ್ಳಲಿ. ಇವಕ್ಕೆಲ್ಲ ಕಾರಣವಿದೆ, ಕಾರಣ ಹೇಳಿದರೆ ಹುಡುಗರೂ ಒಪ್ಪುತ್ತಾರೆ. ಕಾರಣವಿಲ್ಲದೆ ಕಣ್ಣಿಗೆ ಹಿಡಿಸಲಿಲ್ಲ ಎಂದು ಹೇರಿದ್ದು ಹೊಸದೇನಲ್ಲ. ರಷ್ಯಾದ ದೊರೆ ಪೀಟರ್ 1698ರಲ್ಲಿ ಯುರೋಪು ಸುತ್ತಿ ಬಂದವನು ಆಸ್ಥಾನದವರ ಗಡ್ಡವನ್ನು ತಾನೇ ಕತ್ತರಿಸಿದ, ಆಮೇಲೆ ಗಡ್ಡಕ್ಕೆ ತೆರಿಗೆ ಹಾಕಿದ. ತೆರಿಗೆ ಕಟ್ಟಿದವರಿಗೆ ಮೂಗು, ಮೀಸೆ, ಗಡ್ಡದ ಚಿತ್ರವಿದ್ದ ಬಿಲ್ಲೆ ಕೊಡುತ್ತಿದ್ದರು. ಜನ ದುಡ್ಡು ಕಟ್ಟಿ, ಬಿಲ್ಲೆ ಇಟ್ಟುಕೊಂಡು ಗಡ್ಡ ಉಳಿಸಿಕೊಂಡರು. ಕಾಲೇಜಿನವರಲ್ಲಿ ನನ್ನ ಕೋರಿಕೆ ಇಷ್ಟೇ. ನೋಟಿಸ್ ಬೋರ್ಡಿನಲ್ಲಿ ಬೋಳಿಸಿಕೊಂಡು ಬರಬೇಕು ಎನ್ನುವ ಕಡೆ ಗಡ್ಡ ಅಚ್ಚುಕಟ್ಟಾಗಿರಬೇಕು ಎಂದು ಬರೆಸಿ. ಹೇಳುವುದಿದ್ದರೆ ಹುಡುಗನನ್ನು ಪಕ್ಕಕ್ಕೆ ಕರೆದು ಹೇಳಿ. ಹುಡುಗರಿಗೂ ಒಂದು ಮಾತು. ಯಾವ ಅಂಗಡಿಗೇ ಹೋಗಿ, ಹೊಸ ಬ್ಲೇಡಿನ ಕಾಗದ ನಿಮ್ಮ ಕಣ್ಣ ಮುಂದೆ ಬಿಚ್ಚಿಸಿ. ಹೆಪಟೈಟಿಸ್‌ನಂಥ ಕಾಯಿಲೆ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಹೋಗಲು ಕಣ್ಣಿಗೆ ಕಾಣದಷ್ಟು ಗಾಯ ಸಾಕು. ಕೇಳಲು ಸಂಕೋಚ ಬೇಡ, ಕೇಳಿದರೆ ಕೆಲಸ ಗೊತ್ತಿದ್ದವನು ಬೇಸರ ಮಾಡಿಕೊಳ್ಳುವುದಿಲ್ಲ.

ಅಪ್ಪನ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ನಾನು ಹರೆಯದಲ್ಲಿ ಒಮ್ಮೆ ಗಡ್ಡ ಬಿಟ್ಟಾಗ ಅವರು ಕತ್ತಿ ತಂದು ಎದುರಿಗೆ ಕೂತು, "ನಮ್ ಮುಖವೇ ನಮ್ ಅಂಗಡಿ ಬೋರ್ಡು ಕಣ್ಲಾ" ಎಂದು ತಾವೇ ತೆಗೆದಿದ್ದರು. ಅಂಗಡಿಯ ಮಾತು ಬರೀ ನೆಪ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅವರ ಕಾಲದಲ್ಲಿ ನಮ್ಮಂಥವರು ಮೀಸೆ ತಿರುವಿ, ಗಡ್ಡ ಬಿಟ್ಟು ಊರ ದೊಡ್ಡವರ ಎದುರು ನಿಂತರೆ ಅದು ಸೊಕ್ಕು. ಬೇರೆಯವರ ಮೀಸೆಯನ್ನು ತೀಡಿ ಚೂಪು ಮಾಡಿ ಎದ್ದು ಬರುವವನ ಮುಖ ಮಾತ್ರ ನುಣ್ಣಗಿರಬೇಕು. ಅವರು ಆ ಅಂಜಿಕೆಯನ್ನು ಎಪ್ಪತ್ತು ವರ್ಷ ಮುಖದ ಮೇಲೆ ಇಟ್ಟುಕೊಂಡಿದ್ದರು.

2020ರ ಮಾರ್ಚ್ 25ಕ್ಕೆ ದೇಶಕ್ಕೆಲ್ಲ ಬೀಗ ಬಿತ್ತಲ್ಲ, ಆಗ ನಮ್ಮ ಅಂಗಡಿಯೂ ಎರಡು ತಿಂಗಳು ಮುಚ್ಚಿತು. ಸರ್ಕಾರ ಕ್ಷೌರಿಕರಿಗೆ ಐದು ಸಾವಿರ ರೂಪಾಯಿ ಘೋಷಿಸಿದ್ದು ಆಗಲೇ. ಅಪ್ಪನಿಗೆ ಕೈ ನಡುಕ ಬಂದು ಆಗಲೇ ನಾಲ್ಕು ವರ್ಷ, ಅವರ ಶೇವಿಂಗ್ ದಿನಾ ನನ್ನದೇ. ಕೆಲಸವಿಲ್ಲದ ಒಂದು ಬೆಳಗ್ಗೆ ಜಗಲಿಯ ಮೇಲೆ ಕೂರಿಸಿ ಸೋಪು ಹಚ್ಚಲು ಹೋದೆ. ಬ್ರಷ್ ಹಿಡಿದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, "ಬುಡ್ಲಾ, ಸಾಕು. ಇನ್ ಯಾರನ್ನ ಕೇಳ್ಬೇಕು" ಎಂದರು. ಅವತ್ತಿನಿಂದ ಬಿಟ್ಟರು. ಮೂರು ತಿಂಗಳಿಗೆ ಗಲ್ಲದಿಂದ ಕೆಳಗೆ ಇಳಿಯಿತು, ಒಂದು ಕಪ್ಪು ಎಳೆ ಇಲ್ಲದ ಬೆಳ್ಳನೆ ಗಡ್ಡ. ಬಿಸಿಲಿಗೆ ಕೂತು ಕೈ ನಡುಗಿಸುತ್ತಾ ಅದನ್ನು ನೇವರಿಸಿಕೊಳ್ಳುವರು. ಹಳ್ಳಿಯಿಂದ ನೆಂಟರು ಬಂದರೆ ಮೊದಲು ಗಡ್ಡ ತೋರಿಸುವರು. ವಾರಕ್ಕೊಮ್ಮೆ ನಾನು ಕತ್ತಿನ ಗೆರೆ ತೆಗೆದು, ತುದಿ ಸಮಮಾಡಿ, ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಕಣ್ಣು ಮುಚ್ಚಿ ಮುಖ ಎತ್ತಿ ಕೊಡುವರು. ಅಷ್ಟು ವರ್ಷ ಊರವರ ಮುಖ ತಮ್ಮ ಕೈಗೆ ಬಂದದ್ದನ್ನು ಕಂಡವರು, ತಮ್ಮ ಮುಖ ಇನ್ನೊಬ್ಬರ ಕೈಯಲ್ಲಿ ಇಟ್ಟು ನೆಮ್ಮದಿಯಾಗಿರುವುದನ್ನು ನಾನು ಕಂಡದ್ದು ಆಗಲೇ.

2021ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮಣ್ಣಿಗೆ ಮುಂಚೆ ಮನೆಯ ಮುಂದೆ ಕೂರಿಸಿದ್ದಾಗ ನೆಂಟರಲ್ಲಿ ಹಿರಿಯರೊಬ್ಬರು ನನ್ನ ಹತ್ತಿರ ಬಂದು, ಮುಖ ಬೋಳಿಸಿಬಿಡು ಮಗ, ಕಳೆಯಾಗಿ ಕಾಣಲಿ ಎಂದರು. ಆಗುವುದಿಲ್ಲ ಮಾವ ಎಂದೆ. ಒಳಗೆ ಹೋಗಿ ಎಣ್ಣೆಯ ಬಟ್ಟಲು, ಬಾಚಣಿಗೆ ತಂದೆ.

ನಿಮ್ಮ ವಿಶ್ವಾಸಿ,
ಒಬ್ಬ ಕ್ಷೌರಿಕ, ತಿಪಟೂರು

(ಹೆಸರು, ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಅಚ್ಚು ಹಾಕುವುದು ಬೇಡ. ಆ ಹುಡುಗ ಈಗಲೂ ಹದಿನೈದು ದಿನಕ್ಕೊಮ್ಮೆ ನನ್ನ ಅಂಗಡಿಗೇ ಬರುತ್ತಾನೆ.)